ಗರ್ಭನಿರೋಧಕ ಸೇವೆ: ಯುವಜನರು ಯಾವ ಬಾಗಿಲು ತಟ್ಟಬೇಕು?

ಗರ್ಭನಿರೋಧಕಗಳ ಬಗ್ಗೆ ಕನ್ನಡದಲ್ಲಿ ಬರುವ ಬಹುಪಾಲು ಬರಹಗಳು ವಿಧಾನಗಳಿಂದಲೇ ಶುರುವಾಗುತ್ತವೆ. ಮಾತ್ರೆ ಒಳ್ಳೆಯದೋ ಕಾಂಡೋಮ್ ಒಳ್ಳೆಯದೋ, ಮಕ್ಕಳಾಗುವ ಮೊದಲೇ ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್ ಟಿ) ಹಾಕಿಸಿಕೊಳ್ಳಬಹುದೋ ಎಂದು. ಇಪ್ಪತ್ತರ ಆಸುಪಾಸಿನವರ ಮಟ್ಟಿಗೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಬೇರೆಯೇ ಇದೆ: ಇದನ್ನೆಲ್ಲ ಎಲ್ಲಿ ಕೇಳುವುದು, ಯಾರನ್ನು ಕೇಳುವುದು? ಮಾತ್ರೆ ಎಷ್ಟೇ ಒಳ್ಳೆಯದಿರಲಿ, ಅದನ್ನು ಕೊಡುವ ಕಿಟಕಿಯ ಮುಂದೆ ಪಕ್ಕದ ಮನೆಯವರು ಸಾಲಿನಲ್ಲಿ ನಿಂತಿದ್ದರೆ ಹುಡುಗಿ ಬಾಯಿ ಬಿಡುವುದಿಲ್ಲ. ತಲೆನೋವಿಗೆ ಮಾತ್ರೆ ಕೊಡಿ ಎಂದು ಹೇಳಿ ಅದನ್ನೇ ತೆಗೆದುಕೊಂಡು ಮನೆಗೆ ಹೋಗುತ್ತಾಳೆ. ಹುಡುಗ ಅಷ್ಟು ದೂರವೂ ಬರುವುದಿಲ್ಲ.

ಸರ್ಕಾರಿ ವ್ಯವಸ್ಥೆಯಲ್ಲಿ ಈ ವಿಷಯಕ್ಕೆ ಫಲಕ ಹಾಕಿರುವ ಬಾಗಿಲುಗಳು ಎರಡು. ಒಂದು, 10ರಿಂದ 19 ವರ್ಷದವರಿಗಾಗಿ ಇರುವ ಹದಿಹರೆಯದವರ ಚಿಕಿತ್ಸಾಲಯ. ಕರ್ನಾಟಕದಲ್ಲಿ ಇದಕ್ಕೆ ಸ್ನೇಹ ಕ್ಲಿನಿಕ್ ಎಂಬ ಹೆಸರು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗವಾಗಿ ಇವು ನಡೆಯುತ್ತವೆ. ಇನ್ನೊಂದು, ಕುಟುಂಬ ಕಲ್ಯಾಣ ಸೇವೆ. ಅದರ ಲೆಕ್ಕವೆಲ್ಲ ಅರ್ಹ ದಂಪತಿಗಳ ವಹಿಯ ಮೇಲೆ ನಿಂತಿದೆ, ಅಂದರೆ ಮದುವೆಯಾದವರ ಮೇಲೆ. ಇಪ್ಪತ್ತು ದಾಟಿದ, ಇನ್ನೂ ಮದುವೆಯಾಗದ ಪದವಿ ವಿದ್ಯಾರ್ಥಿನಿ, ಗಾರ್ಮೆಂಟ್ಸ್ ಕಾರ್ಮಿಕಳು, ಪಿಜಿಯಲ್ಲಿರುವ ಹುಡುಗ, ಇವರ ಹೆಸರು ಎರಡರಲ್ಲೂ ಇಲ್ಲ. ಕಾನೂನು ಅವರನ್ನು ಹೊರಗಿಟ್ಟಿಲ್ಲ. ಹದಿನೆಂಟು ತುಂಬಿದವರು ಗರ್ಭನಿರೋಧಕ ಕೇಳಿದರೆ ಮದುವೆಯಾಗಿರಬೇಕು ಎಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಹೊರಗಿಟ್ಟಿರುವುದು ವಹಿ, ಮತ್ತು ವಹಿಯ ಹಿಂದೆ ಕುಳಿತವರ ರೂಢಿ. ಹಾಗಾಗಿ ಎದುರಿಗಿರುವ ಬಾಗಿಲುಗಳಲ್ಲಿ ಯಾವುದು ತಮಗೆ ನಿಜಕ್ಕೂ ತೆರೆಯುತ್ತದೆ ಎಂಬುದನ್ನು ಯುವಜನರೇ ಹೋಲಿಸಿ ತಿಳಿದುಕೊಳ್ಳಬೇಕಾಗಿದೆ.

ಹೋಲಿಸುವಾಗ ನಾಲ್ಕು ಸಂಗತಿಗಳನ್ನು ತೂಗಿ ನೋಡಿ. ಅಲ್ಲಿ ನನ್ನನ್ನು ಯಾರು ನೋಡುತ್ತಾರೆ? ಏನೇನು ಬರೆದುಕೊಳ್ಳುತ್ತಾರೆ? ಒಂದೇ ವಿಧಾನ ಸಿಗುತ್ತದೋ ಆರಿಸಿಕೊಳ್ಳಲು ಹಲವು ಇವೆಯೋ? ಆಮೇಲೆ ರಕ್ತಸ್ರಾವ, ವಾಂತಿ, ಭಯ ಏನಾದರೂ ಆದರೆ ಅದೇ ವ್ಯಕ್ತಿಯ ಬಳಿ ಮತ್ತೆ ಹೋಗಬಹುದೋ? ಕೊನೆಯದನ್ನು ಜನ ಮರೆಯುತ್ತಾರೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅನೇಕರು ಗರ್ಭನಿರೋಧಕವನ್ನು ಅರ್ಧಕ್ಕೆ ಬಿಡುವುದು ಸಣ್ಣ ತೊಂದರೆಯೊಂದಕ್ಕೆ ಉತ್ತರ ಸಿಗದೆ.

ಸ್ನೇಹ ಕ್ಲಿನಿಕ್

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಖರ್ಚಿಲ್ಲ. ಮುಟ್ಟಿನ ತೊಂದರೆ, ರಕ್ತಹೀನತೆ, ಮೊಡವೆ, ಮನಸ್ಸಿನ ಬೇಗುದಿ, ಲೈಂಗಿಕ ಆರೋಗ್ಯ ಎಲ್ಲಕ್ಕೂ ಒಂದೇ ಕೋಣೆ. ಹಾಗಾಗಿ ಒಳಗೆ ಹೋದವಳು ಯಾಕೆ ಹೋದಳು ಎಂದು ಹೊರಗೆ ಕುಳಿತವರಿಗೆ ತಿಳಿಯುವುದಿಲ್ಲ. ಇದು ಸಣ್ಣ ಅನುಕೂಲವಲ್ಲ. ಮೊಡವೆಯ ನೆಪದಲ್ಲಿ ಬಂದವಳು ಬಾಗಿಲು ಮುಚ್ಚಿದ ಮೇಲೆ ನಿಜವಾದ ಪ್ರಶ್ನೆ ಕೇಳಬಹುದು. ಜಿಲ್ಲಾ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಆಪ್ತ ಸಮಾಲೋಚಕರು ಇರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೆ ವಾರದಲ್ಲಿ ನಿಗದಿತ ದಿನ ವೈದ್ಯರೋ ಸಿಸ್ಟರೋ ನೋಡಬೇಕು ಎಂಬುದು ಕಾರ್ಯಕ್ರಮದ ಕ್ರಮ.

ಕ್ರಮ ಇದ್ದಲ್ಲೆಲ್ಲ ನಡೆಯುತ್ತದೆ ಎಂದುಕೊಳ್ಳಬೇಡಿ. ಸಮಾಲೋಚಕರ ಹುದ್ದೆ ಖಾಲಿ ಇರಬಹುದು, ಆ ದಿನ ಲಸಿಕೆ ಶಿಬಿರ ಇರಬಹುದು, ಕೋಣೆಯಲ್ಲಿ ಔಷಧದ ಪೆಟ್ಟಿಗೆಗಳನ್ನು ಜೋಡಿಸಿಟ್ಟಿರಬಹುದು. ಇನ್ನೊಂದು ಮಿತಿ ಸಮಯದ್ದು. ಕಾಲೇಜು ನಡೆಯುವ ಹೊತ್ತಿನಲ್ಲೇ ಕ್ಲಿನಿಕ್ ತೆರೆದಿದ್ದರೆ ತರಗತಿ ಬಿಟ್ಟು ಬರಬೇಕು, ಬಿಟ್ಟಿದ್ದಕ್ಕೆ ಮನೆಯಲ್ಲಿ ಕಾರಣ ಹೇಳಬೇಕು. ಹೋಗುವ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಹತ್ತಿರದ ಸ್ನೇಹ ಕ್ಲಿನಿಕ್ ಎಲ್ಲಿದೆ, ಯಾವ ದಿನ ಎಂದು ವಿಚಾರಿಸಿ. ಹದಿನೆಂಟು, ಹತ್ತೊಂಬತ್ತರವರಿಗೆ ನನ್ನ ಮೊದಲ ಶಿಫಾರಸು ಇದೇ. ಇಪ್ಪತ್ತು ದಾಟಿದವರೂ ಒಮ್ಮೆ ಕೇಳಿ ನೋಡಬಹುದು. ವಯಸ್ಸಿನ ಮಾತೆತ್ತಿ ವಾಪಸು ಕಳಿಸಿದರೂ ಎಲ್ಲಿಗೆ ಹೋಗಬೇಕೆಂದು ಹೇಳಿಯಾರು.

ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ

ಮನೆಬಾಗಿಲಿಗೆ ಗರ್ಭನಿರೋಧಕ ತಲುಪಿಸುವ ಕೆಲಸವನ್ನು 2011ರಲ್ಲಿ ಆಶಾ ಕಾರ್ಯಕರ್ತೆಯರಿಗೆ ವಹಿಸಲಾಯಿತು. ಮೂರು ಕಾಂಡೋಮ್‌ಗಳ ಪೊಟ್ಟಣಕ್ಕೆ ಒಂದು ರೂಪಾಯಿ, ತಿಂಗಳ ಮಾತ್ರೆಗೆ ಒಂದು ರೂಪಾಯಿ, ಸಂಪರ್ಕವಾದ ಮೇಲೆ ನುಂಗುವ ತುರ್ತು ಮಾತ್ರೆಗೆ ಎರಡು ರೂಪಾಯಿ ಎಂದು ಆಗ ದರ ಗೊತ್ತುಮಾಡಿದ್ದರು. ಹೊಸದಾಗಿ ಮದುವೆಯಾಗಿ ಗಂಡನ ಊರಿಗೆ ಬಂದ, ಒಬ್ಬಳೇ ಬಸ್ ಹತ್ತಿ ಎಲ್ಲಿಗೂ ಹೋಗುವಂತಿಲ್ಲದ ಹತ್ತೊಂಬತ್ತರ ಸೊಸೆಗೆ ಇದಕ್ಕಿಂತ ಹತ್ತಿರದ ಬಾಗಿಲು ಬೇರೆ ಇಲ್ಲ. ಆಶಾ ಅಕ್ಕ ಮನೆಗೆ ಬಂದರೆ ಅತ್ತೆಯೂ ಏನೂ ಅನ್ನುವುದಿಲ್ಲ, ಹತ್ತು ಕೆಲಸಕ್ಕೆ ಬರುವವಳು ಅವಳು.

ಮದುವೆಯಾಗದವರಿಗೆ ಇದೇ ಬಾಗಿಲು ಅತಿ ಕಷ್ಟದ್ದು. ಆಶಾ ಅದೇ ಊರಿನವಳು, ಅದೇ ಬೀದಿಯವಳು, ಎಷ್ಟೋ ಸಲ ದೂರದ ಸಂಬಂಧಿ. ಅವಳು ಗುಟ್ಟು ಕಾಪಾಡುವವಳೇ ಆಗಿರಬಹುದು, ಆದರೆ ಆ ಭರವಸೆ ಹುಡುಗಿಗೆ ಮೊದಲೇ ಹುಟ್ಟಬೇಕಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ್ದೂ ಇದೇ ಕಥೆ. ಒಪಿಡಿ ಚೀಟಿ ಬರೆಯುವಲ್ಲಿ ಹೆಸರು, ವಯಸ್ಸು, ಆಮೇಲೆ 'ತಂದೆ ಅಥವಾ ಗಂಡನ ಹೆಸರು'. ಚೀಟಿ ಬರೆಯುವವರು ಕೆಟ್ಟ ಉದ್ದೇಶದಿಂದ ಕೇಳುವುದಿಲ್ಲ, ಅಚ್ಚಾದ ನಮೂನೆ ಹಾಗಿದೆ ಅಷ್ಟೆ. ಆದರೆ ಅವರು ಕೇಳುವುದು ಗಟ್ಟಿ ದನಿಯಲ್ಲಿ, ಹಿಂದೆ ಹದಿನೈದು ಜನ ನಿಂತಿರುವಾಗ. ಒಳಗೆ ಹೋಗಿ ಸರ್ಕಾರಿ ಗರ್ಭನಿರೋಧಕ ಮಾತ್ರೆಯಾದ ಮಾಲಾ-ಎನ್ ಕೇಳಬೇಕೆಂದು ಬಂದವಳ ಧೈರ್ಯ ಅಲ್ಲಿಗೇ ಮುಗಿಯುತ್ತದೆ.

ಹಾಗೆಂದು ಸರ್ಕಾರಿ ಆಸ್ಪತ್ರೆಯನ್ನೇ ಬಿಟ್ಟುಬಿಡಬೇಕಿಲ್ಲ, ಬೇರೆ ಊರಿನ ಆಸ್ಪತ್ರೆಗೆ ಹೋಗಬಹುದು. ಓದುವ ಊರಿನ ತಾಲ್ಲೂಕು ಆಸ್ಪತ್ರೆ, ನಗರದಲ್ಲಾದರೆ 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯ, ನಗರ ಆರೋಗ್ಯ ಕೇಂದ್ರ, ಇಲ್ಲೆಲ್ಲ ನಿಮ್ಮ ಮುಖ ಪರಿಚಯ ಇರುವುದಿಲ್ಲ. ನೋಂದಣಿಗೆ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಅಪ್ಪನ ಸಂಖ್ಯೆ ಕೊಟ್ಟರೆ ಸಂದೇಶವೂ ಅಲ್ಲಿಗೇ ಹೋಗುತ್ತದೆ. ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ ಮಾಡಿಸಿಕೊಳ್ಳುವುದು ಕಡ್ಡಾಯವಲ್ಲ. ಬೇಡ ಎನ್ನಬಹುದು.

ಔಷಧ ಅಂಗಡಿ, ಮತ್ತು ಮೊಬೈಲ್‌ನಲ್ಲಿ ತರಿಸುವುದು

ನಿಜ ಹೇಳಬೇಕೆಂದರೆ ಮದುವೆಯಾಗದ ಯುವಕ ಯುವತಿಯರಲ್ಲಿ ಬಹಳಷ್ಟು ಮಂದಿ ಮೊದಲು ತಟ್ಟುವ ಬಾಗಿಲು ಇದೇ. ಕಾರಣ ಸರಳ: ಹೆಸರು ಕೇಳುವುದಿಲ್ಲ, ಬರೆದುಕೊಳ್ಳುವುದಿಲ್ಲ, ರಾತ್ರಿ ಹತ್ತರವರೆಗೂ ತೆರೆದಿರುತ್ತದೆ. ಕಾಂಡೋಮ್‌ಗೂ, ಲೆವೊನೊರ್ಜೆಸ್ಟ್ರೆಲ್ ಇರುವ ತುರ್ತು ಮಾತ್ರೆಗೂ ವೈದ್ಯರ ಚೀಟಿ ಬೇಕಿಲ್ಲ. ನಗರಗಳಲ್ಲಿ ಆ್ಯಪ್ ಮೂಲಕ ತರಿಸಿದರೆ ಅಂಗಡಿಯವನ ಮುಖವನ್ನೂ ನೋಡಬೇಕಾಗಿಲ್ಲ. ಮನೆಯವರೆಲ್ಲ ಒಂದೇ ಖಾತೆ ಬಳಸುತ್ತಿದ್ದರೆ ಮಾತ್ರ ಖರೀದಿಯ ಪಟ್ಟಿ ಎಲ್ಲರಿಗೂ ಕಾಣುತ್ತದೆ, ಗಮನವಿರಲಿ.

ಇಲ್ಲಿ ಸಿಗದಿರುವುದು ಮಾತು. ತುರ್ತು ಮಾತ್ರೆ ಕೊಳ್ಳಲು ಬಂದವಳಿಗೆ ಯಾವಾಗ ಸಂಪರ್ಕವಾಯಿತು, ಬೇರೆ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀಯ ಎಂದು ಯಾರೂ ಕೇಳುವುದಿಲ್ಲ. ಅವಳು ಕ್ಷಯರೋಗಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ, ಅಪಸ್ಮಾರಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಾಜೆಪಿನ್ ತೆಗೆದುಕೊಳ್ಳುತ್ತಿದ್ದರೆ ಹಾರ್ಮೋನ್ ಮಾತ್ರೆಯ ಬಲ ಕುಗ್ಗುತ್ತದೆ. ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತಿಳಿಯುವ ವಿಷಯವಲ್ಲ. ತಿಂಗಳಿಗೆ ಎರಡು ಮೂರು ಸಲ ತುರ್ತು ಮಾತ್ರೆ ನುಂಗಿ ಮುಟ್ಟು ಏರುಪೇರಾಯಿತೆಂದು ಕಂಗಾಲಾಗುವವರು ಇಲ್ಲಿಂದಲೇ ಬರುತ್ತಾರೆ. ಆ ಮಾತ್ರೆ ಅಪಾಯಕಾರಿ ಎಂಬುದಕ್ಕಿಂತ, ನಿತ್ಯದ ಬಳಕೆಗೆ ಅದು ದುಬಾರಿ ಮತ್ತು ದುರ್ಬಲ ಎಂಬುದು ಇಲ್ಲಿಯ ತೊಂದರೆ. ಅದೇ ಹಣದಲ್ಲಿ, ಅಥವಾ ಏನೂ ಹಣವಿಲ್ಲದೆ, ಅದಕ್ಕಿಂತ ಗಟ್ಟಿಯಾದ ವಿಧಾನ ಸಿಗುತ್ತದೆ. ಕಾಂಡೋಮ್‌ಗೆ ಅಂಗಡಿ ಸಾಕು. ಅದಕ್ಕಿಂತ ಮುಂದಿನದಕ್ಕೆ ಒಮ್ಮೆಯಾದರೂ ವೈದ್ಯರನ್ನೋ ಸಮಾಲೋಚಕರನ್ನೋ ಕಾಣಿ.

ಒಂದು ಎಚ್ಚರಿಕೆಯನ್ನು ಮಾತ್ರ ಮೆದುವಾಗಿ ಹೇಳಲಾರೆ. ಗರ್ಭಪಾತದ ಮಾತ್ರೆಯನ್ನು ಅಂಗಡಿಯ ಹಿಂಬಾಗಿಲಿನಿಂದಲೋ ಆನ್‌ಲೈನಿನಲ್ಲೋ ತರಿಸಿ ಕೋಣೆಯಲ್ಲಿ ಒಬ್ಬರೇ ನುಂಗಬೇಡಿ. ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಪ್ರಾಣಕ್ಕೇ ಬರುತ್ತದೆ. ಅದಕ್ಕೆ ಕಾನೂನುಬದ್ಧ ದಾರಿ ಇದೆ, ಮುಂದೆ ಹೇಳುತ್ತೇನೆ.

ಖಾಸಗಿ ವೈದ್ಯರು, ಸ್ವಯಂಸೇವಾ ಸಂಸ್ಥೆಯ ಕ್ಲಿನಿಕ್

ಖಾಸಗಿ ಸ್ತ್ರೀರೋಗ ತಜ್ಞರಲ್ಲಿ ಏಕಾಂತ ಸಿಗುತ್ತದೆ, ಸಂಜೆಯ ಹೊತ್ತೂ ಸಿಗುತ್ತದೆ, ಹಣ ಹೋಗುತ್ತದೆ. ಗುಣ ಮಾತ್ರ ವೈದ್ಯರಿಂದ ವೈದ್ಯರಿಗೆ ಬೇರೆ. ಕೆಲವರು ಮಾತಾಡುವುದಕ್ಕೂ ಮೊದಲೇ 'ಮದುವೆ ಆಗಿದೆಯಾ' ಎಂದು ಕೇಳಿ, ಇಲ್ಲ ಎಂದ ಕೂಡಲೇ ಬುದ್ಧಿವಾದಕ್ಕೆ ಇಳಿಯುತ್ತಾರೆ. ಇನ್ನು ಕೆಲವರು 'ಲೈಂಗಿಕ ಸಂಪರ್ಕ ಇದೆಯಾ, ಇದ್ದರೆ ಏನು ಬಳಸುತ್ತಿದ್ದೀರಿ' ಎಂದು ನೇರವಾಗಿ, ಸಮ ದನಿಯಲ್ಲಿ ಕೇಳುತ್ತಾರೆ. ವೈದ್ಯಕೀಯವಾಗಿ ಬೇಕಾದ ಪ್ರಶ್ನೆ ಎರಡನೆಯದು. ಅದನ್ನು ಕೇಳುವವರು ಸಿಕ್ಕರೆ ಅವರನ್ನು ಬಿಡಬೇಡಿ, ಗೆಳತಿಯರಿಗೂ ಹೇಳಿ. ಇನ್ನೊಂದು ಮಾತು: ಮಾತ್ರೆ ಶುರುಮಾಡಲು ಒಳಪರೀಕ್ಷೆ ಬೇಕಿಲ್ಲ. ರಕ್ತದೊತ್ತಡ ನೋಡಿ, ನಾಲ್ಕು ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

1949ರಲ್ಲಿ ಸ್ಥಾಪನೆಯಾದ ಭಾರತೀಯ ಕುಟುಂಬ ಯೋಜನಾ ಸಂಘಕ್ಕೆ ಬೆಂಗಳೂರು, ಧಾರವಾಡ ಸೇರಿದಂತೆ ರಾಜ್ಯದ ಕೆಲವು ಊರುಗಳಲ್ಲಿ ಶಾಖೆಗಳಿವೆ. ಇಂತಹ ಕ್ಲಿನಿಕ್‌ಗಳ ಅನುಕೂಲವೆಂದರೆ ಇದೇ ಅವರ ನಿತ್ಯದ ಕೆಲಸ. ಕಾಂಡೋಮ್ ಎಂಬ ಮಾತು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಇಪ್ಪತ್ತರಿಂದ ಇಪ್ಪತ್ತೈದರ, ಮದುವೆಯಾಗದವರಿಗೆ ಊರಿನಲ್ಲಿ ಇಂಥದ್ದು ಇದ್ದರೆ ನಾನು ಮೊದಲ ಸ್ಥಾನ ಇದಕ್ಕೇ ಕೊಡುತ್ತೇನೆ. ಇಲ್ಲದಿದ್ದರೆ ಅಪರಿಚಿತ ಊರಿನ ತಾಲ್ಲೂಕು ಆಸ್ಪತ್ರೆ, ಅದೂ ಆಗದಿದ್ದರೆ ಖಾಸಗಿ ವೈದ್ಯರು.

ಈಗ ವಿಧಾನಗಳ ಮಾತು

ನೂರು ಜೋಡಿಗಳು ಒಂದು ವರ್ಷ, ಎಲ್ಲರೂ ಬಳಸುವ ಹಾಗೆಯೇ ಅಂದರೆ ಒಮ್ಮೊಮ್ಮೆ ಮರೆತು, ಒಮ್ಮೊಮ್ಮೆ ತಪ್ಪಾಗಿ ಬಳಸಿದರೆ ಎಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ? ಅಮೆರಿಕದ ಅಧ್ಯಯನಗಳ ಅಂದಾಜಿನಲ್ಲಿ ಹೊರಗೆ ಸ್ಖಲಿಸುವ ಕ್ರಮಕ್ಕೆ ಸುಮಾರು 20, ಕಾಂಡೋಮ್‌ಗೆ 13, ನಿತ್ಯದ ಮಾತ್ರೆಗೆ 7, ಮೂರು ತಿಂಗಳ ಚುಚ್ಚುಮದ್ದಿಗೆ 4. ಕಾಪರ್ ಟಿಗೆ ಒಂದಕ್ಕಿಂತ ಕಡಿಮೆ. ತಪ್ಪದೆ ಸರಿಯಾಗಿ ಬಳಸಿದರೆ ಕಾಂಡೋಮ್‌ನ 13 ಎರಡಕ್ಕೆ ಇಳಿಯುತ್ತದೆ, ಮಾತ್ರೆಯ 7 ಒಂದಕ್ಕಿಂತ ಕೆಳಗೆ ಬರುತ್ತದೆ. ಹೀಗಾಗಿ ಯಾವುದು ಗಟ್ಟಿ ಎಂದು ಕೇಳುವ ಮೊದಲು, ಯಾವುದನ್ನು ನಾನು ನನ್ನ ಪರಿಸ್ಥಿತಿಯಲ್ಲಿ ತಪ್ಪದೆ ಬಳಸಬಲ್ಲೆ ಎಂದು ಕೇಳಿಕೊಳ್ಳಿ.

ಕಾಂಡೋಮ್ ಒಂದಕ್ಕೆ ಮಾತ್ರ ಎಚ್‌ಐವಿ ಮತ್ತಿತರ ಲೈಂಗಿಕ ಸೋಂಕುಗಳನ್ನೂ ತಡೆಯುವ ಶಕ್ತಿ ಇದೆ. ಬೇರೆ ಯಾವ ವಿಧಾನ ಆರಿಸಿಕೊಂಡರೂ ಹೊಸ ಸಂಬಂಧದಲ್ಲಿ ಇದು ಜೊತೆಗಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ನಿರೋಧ್ ಉಚಿತವಾಗಿ ಸಿಗುತ್ತದೆ. ಕೇಂದ್ರ ಸರ್ಕಾರದ ಎಚ್ಎಲ್ಎಲ್ ಲೈಫ್ ಕೇರ್ (ಹಿಂದಿನ ಹಿಂದೂಸ್ತಾನ್ ಲೇಟೆಕ್ಸ್) ಸಂಸ್ಥೆಯ ಕಾಂಡೋಮ್ ಕಾರ್ಖಾನೆಗಳಲ್ಲಿ ಒಂದು ನಮ್ಮದೇ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ. ಅವಧಿಯ ದಿನಾಂಕ ನೋಡಿ ಬಳಸಿ, ಪ್ಯಾಂಟಿನ ಹಿಂಬದಿಯ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಬಲ ಕಳೆದುಕೊಂಡು ಹರಿಯುತ್ತದೆ. ಬೇಕಿದ್ದರೆ ನೀರಿನಂಶದ ಜೆಲ್ ಬಳಸಿ.

ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ಮುಟ್ಟಾದ ಐದು ದಿನಗಳೊಳಗೆ ಶುರುಮಾಡಿ ದಿನವೂ ಒಂದೇ ಹೊತ್ತಿಗೆ ನುಂಗಬೇಕು. ಮುಟ್ಟಿನ ಹೊಟ್ಟೆನೋವೂ, ಸ್ರಾವವೂ ಇದರಿಂದ ಕಡಿಮೆಯಾಗುತ್ತದೆ ಎಂಬುದು ರಕ್ತಹೀನತೆ ಇರುವ ಹುಡುಗಿಯರಿಗೆ ದೊಡ್ಡ ಲಾಭ. ಒಂದು ದಿನ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಎರಡು ಅಥವಾ ಹೆಚ್ಚು ದಿನ ತಪ್ಪಿದರೆ ಮುಂದಿನ ಏಳು ದಿನ ಕಾಂಡೋಮ್ ಸಹ ಬಳಸಿ. ಅಧಿಕ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ, ಕಣ್ಣಿಗೆ ಮಿಂಚು ಕಾಣಿಸಿಕೊಂಡು ಬರುವ ಮೈಗ್ರೇನ್ ಇದ್ದವರಿಗೆ, ಆರು ತಿಂಗಳೊಳಗಿನ ಮಗುವಿಗೆ ಹಾಲುಣಿಸುವವರಿಗೆ ಇದು ಆಗದು. ಪಟ್ಟಿಯನ್ನು ಬಚ್ಚಿಡಲು ಜಾಗವಿಲ್ಲದ ಮನೆಯಲ್ಲಿರುವವರಿಗೂ ಇದು ಕಷ್ಟ.

ಛಾಯಾ ಬಗ್ಗೆ ತಿಳಿದವರು ಕಡಿಮೆ, ಅದು ನನಗೆ ಬೇಸರದ ವಿಷಯ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಹಾರ್ಮೋನ್ ಇಲ್ಲದ ಮಾತ್ರೆ ಇದು. ಮುಟ್ಟಿನ ಮೊದಲ ದಿನ ಶುರುಮಾಡಿ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮೊದಲ ದಿನ ಭಾನುವಾರವಾದರೆ ಭಾನುವಾರ ಮತ್ತು ಬುಧವಾರ, ಮೂರು ತಿಂಗಳ ನಂತರ ಭಾನುವಾರ ಮಾತ್ರ. ಹಾಲುಣಿಸುವ ತಾಯಿಯೂ ತೆಗೆದುಕೊಳ್ಳಬಹುದು. ಮುಟ್ಟು ಕೆಲವೊಮ್ಮೆ ತಡವಾಗುತ್ತದೆ, ಅದನ್ನು ಮೊದಲೇ ಹೇಳದೆ ಕೊಟ್ಟರೆ ಗರ್ಭ ನಿಂತಿತೆಂದು ಗಾಬರಿಯಾಗುತ್ತಾರೆ. ಪಿಸಿಒಎಸ್ (ಅಂಡಾಶಯದ, ಮುಟ್ಟು ಏರುಪೇರಾಗುವ ತೊಂದರೆ) ಅಥವಾ ಯಕೃತ್ತಿನ ಕಾಯಿಲೆ ಇದ್ದವರು ಇದನ್ನು ತೆಗೆದುಕೊಳ್ಳಬಾರದು.

ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಿಗೆ ಬಂದದ್ದು 2017ರಲ್ಲಿ. ಮೂರು ತಿಂಗಳಿಗೊಂದು. ಮನೆಯಲ್ಲಿ ಅದರ ಗುರುತೇ ಇರುವುದಿಲ್ಲ, ಹಾಗಾಗಿ ಗಂಡನೋ ಅತ್ತೆಯೋ ಒಪ್ಪದಿರುವ ಮನೆಯ ಎಷ್ಟೋ ಯುವತಿಯರಿಗೆ ಇದೇ ಸರಿಹೊಂದುತ್ತದೆ. ಎರಡು ಸಂಗತಿ ತಿಳಿದಿರಲಿ: ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ, ಅದರಿಂದ ಹಾನಿಯಿಲ್ಲ. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಮುಂದಿನ ವರ್ಷವೇ ಮಗು ಬೇಕೆನ್ನುವವರು ಬೇರೆ ಆರಿಸಿಕೊಳ್ಳಲಿ.

ವಂಕಿ, ಅಂದರೆ ಕಾಪರ್ ಟಿ, ಮಗುವಾದವರಿಗೆ ಮಾತ್ರ ಎಂಬ ನಂಬಿಕೆ ಜನರಲ್ಲಿರಲಿ, ಸಿಸ್ಟರ್‌ಗಳಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಸ್ಪಷ್ಟ: ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಯಾವ ತಾತ್ಕಾಲಿಕ ವಿಧಾನವನ್ನೂ ನಿರಾಕರಿಸುವಂತಿಲ್ಲ, ಮಗುವಾಗದವರೂ ವಂಕಿ ಹಾಕಿಸಿಕೊಳ್ಳಬಹುದು. 375 ಎಂಬ ಬಗೆ ಐದು ವರ್ಷ, 380ಎ ಎಂಬ ಬಗೆ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆನಿಸಿದಾಗ ತೆಗೆಸಬಹುದು. ಮೊದಲ ಹೆರಿಗೆಯಾದ 48 ಗಂಟೆಗಳೊಳಗೇ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಅದನ್ನು ಹೆರಿಗೆ ನೋವಿನ ನಡುವೆ ಕೇಳಿ ಒಪ್ಪಿಸುವುದು ತಪ್ಪು. ಬಸಿರಿನ ತಪಾಸಣೆಗೆ ಬಂದಾಗ, ತಾಯಿ ಕಾರ್ಡ್ ತುಂಬುವಾಗಲೇ ಮಾತಾಡಬೇಕು.

ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ 57.4 ಶೇಕಡ ಮಂದಿ ಬಳಸುತ್ತಿದ್ದ ವಿಧಾನ ಹೆಂಗಸರ ಆಪರೇಷನ್. ದೇಶದಲ್ಲಿ ಅದು 37.9. ಮದುವೆ, ಬೇಗ ಬೇಗ ಎರಡು ಮಕ್ಕಳು, ಆಮೇಲೆ ಆಪರೇಷನ್ ಎಂಬ ದಾರಿಯಲ್ಲಿ ನಡುವಿನ ವಿಧಾನಗಳ ಪರಿಚಯವೇ ಆಗದೆ ಯೌವನ ಮುಗಿಯುತ್ತದೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಮುಂದಾಗಿತ್ತು. ಅಷ್ಟು ಹಿಂದೆ ಹೊರಟ ನಾಡಿನಲ್ಲಿ ಇಪ್ಪತ್ತರ ಹೆಂಡತಿಗೆ ಛಾಯಾ ಎಂಬ ಹೆಸರು ಗೊತ್ತಿಲ್ಲ ಎಂದರೆ ಅದು ಅವಳ ಅಜ್ಞಾನವಲ್ಲ, ಹೇಳಬೇಕಾದವರು ಹೇಳಿಲ್ಲ.

ತಪ್ಪಿದಾಗ

ಕಾಂಡೋಮ್ ಹರಿದರೆ, ಮಾತ್ರೆ ಮರೆತರೆ, ಬಲವಂತವಾದರೆ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು. 72 ಗಂಟೆ ಇದೆಯಲ್ಲ ಎಂದು ಕಾಯಬೇಡಿ, ಮೊದಲ ದಿನದ ಪರಿಣಾಮ ಮೂರನೆಯ ದಿನಕ್ಕೆ ಇರುವುದಿಲ್ಲ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಇದು ಗರ್ಭಪಾತದ ಮಾತ್ರೆ ಅಲ್ಲ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ನಿಂತ ಗರ್ಭವನ್ನು ಏನೂ ಮಾಡುವುದಿಲ್ಲ. ಮೂರು ವಾರವಾದರೂ ಮುಟ್ಟಾಗದಿದ್ದರೆ ಮೂತ್ರ ಪರೀಕ್ಷೆ ಮಾಡಿ. ನಿಶ್ಚಯ್ ಎಂಬ ಕಿಟ್ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಐದು ದಿನಗಳೊಳಗೆ ಹಾಕಿಸಿಕೊಂಡ ಕಾಪರ್ ಟಿ ಈ ಮಾತ್ರೆಗಿಂತಲೂ ಪರಿಣಾಮಕಾರಿ ಎಂಬುದನ್ನು ಯಾರೂ ಹೇಳುವುದಿಲ್ಲ, ನೀವೇ ಕೇಳಿ.

ಗರ್ಭ ನಿಂತೇ ಬಿಟ್ಟಿದ್ದರೆ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ. 1971ರ ಆ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ 'ವಿವಾಹಿತ ಮಹಿಳೆ ಅಥವಾ ಅವಳ ಪತಿ' ಎಂದಿದ್ದುದು 'ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ' ಎಂದಾಯಿತು. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅವಿವಾಹಿತೆಯರಿಗೂ ವಿವಾಹಿತೆಯರಿಗೂ ಭೇದ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿದೆ. ಹದಿನೆಂಟು ತುಂಬಿದವಳಿಗೆ ಅವಳ ಒಪ್ಪಿಗೆಯೇ ಸಾಕು, ಗಂಡನದೂ ಬೇಡ, ತಂದೆಯದೂ ಬೇಡ. ಹೆಸರನ್ನು ಗುಟ್ಟಾಗಿಡುವುದು ವೈದ್ಯರಿಗೆ ಕಾನೂನಿನ ಹೊಣೆ, ಮೀರಿದರೆ ಶಿಕ್ಷೆ ಇದೆ.

ಹದಿನೆಂಟು ತುಂಬದವರಿಗೆ

ಈ ಭಾಗ ಕಷ್ಟದ್ದು. 2012ರ ಪೋಕ್ಸೊ ಕಾಯ್ದೆಯಡಿ ಲೈಂಗಿಕ ಸಂಪರ್ಕಕ್ಕೆ ಹದಿನೆಂಟರೊಳಗಿನವರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಕಾಪಾಡಲು ಬಂದ ಕಾನೂನು ಅದು, ಅನೇಕರನ್ನು ಕಾಪಾಡಿದೆ. ಆದರೆ ಹದಿನೇಳರ ಹುಡುಗಿ ಅದೇ ಭಯದಿಂದ ಆಸ್ಪತ್ರೆಗೆ ಬಾರದೆ ದಿನ ತಳ್ಳುತ್ತಾಳೆ ಎಂಬುದೂ ನಿಜ. ದೇಹದ ಬಗ್ಗೆ, ಮುಟ್ಟಿನ ಬಗ್ಗೆ, ಗರ್ಭ ಹೇಗೆ ನಿಲ್ಲುತ್ತದೆ, ಹೇಗೆ ತಡೆಯುತ್ತಾರೆ ಎಂಬ ಬಗ್ಗೆ ಸ್ನೇಹ ಕ್ಲಿನಿಕ್‌ನಲ್ಲಿ ಮಾಹಿತಿ ಕೇಳಲು ಯಾವ ವಯಸ್ಸಿನ ಅಡ್ಡಿಯೂ ಇಲ್ಲ. ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಆದರೆ ಹುಡುಗಿ ಮತ್ತು ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ತಿಳಿಸಬೇಕಿಲ್ಲ ಎಂದು 2022ರ ಅದೇ ತೀರ್ಪು ಹೇಳಿದೆ. ಇದನ್ನು ತಿಳಿಯದ ವೈದ್ಯರೂ ಇದ್ದಾರೆ, ನೆನಪಿಸಿ. ಯಾರಾದರೂ ಬಲವಂತ ಮಾಡುತ್ತಿದ್ದರೆ, ಹದಿನೆಂಟರೊಳಗೆ ಮದುವೆ ಮಾಡಲು ಹೊರಟಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ

ನಿಮ್ಮ ಮುಂದೆಯೂ ಆಯ್ಕೆ ಇದೆ: ಯುವಜನರಿಗೆ ಪ್ರತ್ಯೇಕ ಕೇಂದ್ರ ಕಟ್ಟಿಸುವುದೋ, ಇರುವ ಕಿಟಕಿಯನ್ನೇ ಯುವಸ್ನೇಹಿ ಮಾಡುವುದೋ? ಎರಡೂ ಇದ್ದರೆ ಒಳ್ಳೆಯದು. ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ನಾನು ಎರಡನೆಯದರ ಪರ. ಬೇರೆ ಬೇರೆ ದೇಶಗಳಲ್ಲಿ ಕಟ್ಟಿದ ಪ್ರತ್ಯೇಕ ಯುವಕೇಂದ್ರಗಳಿಗೆ ಹೆಚ್ಚಾಗಿ ಬಂದವರು ಹತ್ತಿರದಲ್ಲೇ ಇದ್ದ, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರಾದ ಹುಡುಗರು, ಅದೂ ಆಟಕ್ಕೆ, ಹರಟೆಗೆ. ನಿಜವಾಗಿ ಸೇವೆ ಬೇಕಿದ್ದ ಹುಡುಗಿಯರು ಬರಲಿಲ್ಲ. ಫಲಕ ಹಾಕಿದ ಪ್ರತ್ಯೇಕ ಬಾಗಿಲು ಹೊಕ್ಕವರನ್ನು ಊರೇ ನೋಡುತ್ತದೆ.

ಕಿಟಕಿಯನ್ನು ಬದಲಿಸಲು ಬೇಕಾದದ್ದು ಹೆಚ್ಚಿಲ್ಲ. ಚೀಟಿಯಲ್ಲಿ ತಂದೆ ಅಥವಾ ಗಂಡನ ಹೆಸರಿನ ಸಾಲನ್ನು ಖಾಲಿ ಬಿಡಲು ಅವಕಾಶ ಕೊಡಿ. ಬಂದ ಕಾರಣವನ್ನು ಹೊರಗಿನ ಸಾಲಿನಲ್ಲಿ ಕೇಳಬೇಡಿ, ಬಾಗಿಲು ಮುಚ್ಚಿದ ಮೇಲೆ ಕೇಳಿ. ಜೊತೆಗೆ ಬಂದ ಅತ್ತೆಯನ್ನು, ಗಂಡನನ್ನು ಐದು ನಿಮಿಷ ಹೊರಗೆ ಕೂರಿಸಿ, ಹುಡುಗಿಯೊಬ್ಬಳೊಂದಿಗೇ ಮಾತಾಡಿ. ವಾರದಲ್ಲಿ ಒಂದು ದಿನವಾದರೂ ಕಾಲೇಜು ಬಿಟ್ಟ ಮೇಲಿನ ಹೊತ್ತಿಗೆ ತೆರೆದಿರಿ. ಕಾಂಡೋಮ್‌ಗಳನ್ನು ಕೇಳದೆಯೇ ತೆಗೆದುಕೊಳ್ಳುವಂತೆ ಶೌಚಾಲಯದ ಹತ್ತಿರ ಪೆಟ್ಟಿಗೆಯಲ್ಲಿಡಿ, ಮತ್ತು ಆ ಪೆಟ್ಟಿಗೆ ಖಾಲಿಯಾಗದಂತೆ ನೋಡಿಕೊಳ್ಳುವ ಹೊಣೆ ಯಾರದೆಂದು ಹೆಸರು ಬರೆದಿಡಿ. ಮಾತ್ರೆಯನ್ನು ತಿಂಗಳಿಗೊಂದು ಪಟ್ಟಿಯಂತೆ ಕೊಡಬೇಡಿ. ಒಮ್ಮೆಲೇ ಒಂದು ವರ್ಷದವರೆಗಿನ ಮಾತ್ರೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಸ್ಟೆಲ್‌ನಿಂದ ಬರುವವಳಿಗೆ ಪ್ರತಿ ತಿಂಗಳೂ ನಿಮ್ಮ ಕಿಟಕಿಯ ಮುಂದೆ ನಿಲ್ಲುವುದೆಂದರೆ ಪ್ರತಿ ತಿಂಗಳೂ ಒಂದು ಹೊಸ ಸುಳ್ಳು ಹುಡುಕಿಕೊಳ್ಳುವುದು.

ಹುಡುಗರನ್ನು ಮರೆಯಬೇಡಿ. ತಾಯಿ ಮತ್ತು ಮಗುವಿನ ಚಿತ್ರಗಳೇ ತುಂಬಿರುವ ಗೋಡೆಯ ಕೋಣೆಯೊಳಗೆ ಹತ್ತೊಂಬತ್ತರ ಹುಡುಗ ಕಾಲಿಡುವುದಿಲ್ಲ. ಐಸಿಟಿಸಿಯ (ಸರ್ಕಾರಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ) ಎಚ್‌ಐವಿ ಪರೀಕ್ಷೆಗೋ, ಕ್ರೀಡೆಯಲ್ಲಿ ಆದ ಗಾಯಕ್ಕೋ ಬಂದಾಗಲೇ ಅವನನ್ನು ಕೂರಿಸಿ ಕಾಂಡೋಮ್ ಬಳಸುವ ಕ್ರಮವನ್ನು ಮಾದರಿಯ ಮೇಲೆ ತೋರಿಸಿ, ಬೇಕಾದಷ್ಟು ಕೊಟ್ಟು ಕಳಿಸಿ.

ಬಂದವರಿಗೆ ಕೇಳಿದ್ದು ಸಿಗದಿದ್ದ ದಿನ ಅದನ್ನೂ ಬರೆದಿಡಿ: ಅಂತರಾ ದಾಸ್ತಾನು ಇರಲಿಲ್ಲ, ವಂಕಿ ಹಾಕುವ ಸಿಸ್ಟರ್ ರಜೆಯಲ್ಲಿದ್ದರು, ವಯಸ್ಸು ನೋಡಿ ವಾಪಸು ಕಳಿಸಿದೆವು. ಕೊಟ್ಟ ಮಾತ್ರೆಗಳ ಲೆಕ್ಕ ಪ್ರತಿ ತಿಂಗಳೂ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗುತ್ತದೆ. ಬರಿಗೈಯಲ್ಲಿ ಹೋದವರ ಲೆಕ್ಕವೂ ಅದರ ಜೊತೆಗೇ ಹೋಗಲಿ.